ಅಜ್ಜಿ ಕೂತ ಕಡೆಗೆ ಬಿಸಿಗಾಳಿ

ನಮ್ಮಪ್ಪನಿಗೆ ಸ್ಕ್ರೂ ಕಂಡರೆ ಕೈ ತುರಿಸುತ್ತದೆ. ಅವರದು ಕನ್ನಡಕದ ಅಂಗಡಿ. ಬೆಳಗಿಂದ ಸಂಜೆವರೆಗೆ ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂಗಳ ಜೊತೆ ಗುದ್ದಾಡಿ ಬಂದರೂ ತೃಪ್ತಿಯಿಲ್ಲ. ಮಿಕ್ಸರು, ಫ್ಯಾನು, ನಲ್ಲಿ, ನನ್ನ ಹೆಡ್‌ಫೋನು, ಯಾವುದೂ ಅವರ ಕೈಯಿಂದ ಪಾರಾಗಿಲ್ಲ. ಬಿಚ್ಚಿದ್ದರಲ್ಲಿ ಅರ್ಧ ಮತ್ತೆ ಕೂಡಿಕೊಳ್ಳುತ್ತದೆ, ಉಳಿದರ್ಧ ಅಟ್ಟದ ಮೇಲಿನ ಡಬ್ಬದಲ್ಲಿ ಚಿರನಿದ್ರೆಗೆ ಜಾರುತ್ತದೆ. ಹೆಡ್‌ಫೋನು ಎಲ್ಲಿದೆ ಎಂದು ನೀವು ಕೇಳಬೇಡಿ, ನಾನು ಹೇಳುವುದೂ ಇಲ್ಲ.

ಅದಕ್ಕೇ ಅಜ್ಜಿ, ಅಂದರೆ ಅಮ್ಮನ ಅಮ್ಮ, ಅಪ್ಪನಿಗೆ 'ನಟ್ಟು-ಬೋಲ್ಟು' ಎಂದು ಹೆಸರಿಟ್ಟಿದ್ದಾರೆ. ಹಿಂದಿನಿಂದ ಅಲ್ಲ, ಮುಖಕ್ಕೇ. ಅಪ್ಪ ಗೋಡೆಗೆ ಹೊಡೆದ ಶೆಲ್ಫು ಅಜ್ಜಿ ನಮ್ಮ ಮನೆಗೆ ಬಂದಿದ್ದಾಗಲೇ ಬಿದ್ದುಹೋಯಿತು. ಅಪ್ಪ ಸರಿಮಾಡಿದ ಗೀಸರಿನಿಂದ ಅಜ್ಜಿ ತಲೆಗೆ ಸೋಪು ಹಚ್ಚಿಕೊಂಡ ಹೊತ್ತಿಗೇ ತಣ್ಣೀರು ಬಂತು. ಅವರ ಬಾಯಿ ಸುಮ್ಮನಿರುವ ಬಾಯಿಯಲ್ಲ. "ಮಗಳನ್ನ ಕೊಡೋವಾಗ ಹುಡುಗನಿಗೆ ಕುಡಿಯೋ ಚಟ ಇದೆಯಾ, ಇಸ್ಪೀಟು ಇದೆಯಾ ಎಲ್ಲ ವಿಚಾರಿಸಿದ್ವಿ. ಸ್ಕ್ರೂಡ್ರೈವರ್ ಹಿಡಿಯೋ ಚಟ ಇದೆಯಾ ಅಂತ ಕೇಳೋದೇ ಮರೆತ್ವಿ" ಎಂದು ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಾರೆ. ಅಪ್ಪನೂ ನಗುತ್ತಾರೆ, ಕಿವಿ ಮಾತ್ರ ಕೆಂಪಾಗುತ್ತದೆ.

ಈ ಸಲ ಅಜ್ಜಿಗೆ ಪಿತ್ತಕೋಶದ ಆಪರೇಷನ್ ಆಯಿತು. ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಹೊಲಿಗೆ. ಅವರು ಯಾವಾಗಲೂ ಇರುವುದು ದೊಡ್ಡಮ್ಮನ ಮನೆಯಲ್ಲಿ. ಸುಧಾರಿಸಿಕೊಳ್ಳುವ ತನಕ ನಮ್ಮ ಮನೆಯಲ್ಲೇ ಇರಲಿ ಎಂದು ಅಮ್ಮ ಹಟ ಹಿಡಿದಳು. ದೊಡ್ಡಪ್ಪ ಒಪ್ಪಿದರು. ಆದರೆ ಫೋನಿನಲ್ಲಿ, ಸ್ಪೀಕರು ಆನ್ ಇದ್ದಾಗ, ಒಂದು ಮಾತು ಸೇರಿಸಿದರು.

"ಆಸ್ಪತ್ರೆಯಿಂದ ನಮ್ಮ ಗಾಡೀಲೇ ಕಳಿಸ್ತೀನಿ ಬಿಡಿ. ನಿಮ್ಮದು ಬಿಸಿಲಲ್ಲಿ ಒಲೆ ಇದ್ದಂಗೆ ಇರತ್ತೆ."

ದೊಡ್ಡಪ್ಪ ಅಪ್ಪನ ಷಡ್ಡಕ. ಅವರ ಹೊಸ ಕಾರಿನಲ್ಲಿ ಸೀಟೇ ಬೆನ್ನಿಗೆ ತಣ್ಣಗೆ ಗಾಳಿ ಊದುತ್ತದಂತೆ. ಅಪ್ಪ ಫೋನಿನ ಹತ್ತಿರ ಬಾಗಿ, ಪಕ್ಕದ ಬೀದಿಗೂ ಕೇಳುವ ಹಾಗೆ ಹೇಳಿದರು.

"ಬೇಡ. ಡಿಸ್ಚಾರ್ಜ್ ಹೊತ್ತಿಗೆ ನಮ್ಮ ಗಾಡಿ ಸರಿ ಇರತ್ತೆ. ಅತ್ತೇನ ನಾನೇ ಕರ್ಕೊಂಡು ಬರ್ತೀನಿ."

ಅಮ್ಮ ಕಣ್ಣು ಮುಚ್ಚಿಕೊಂಡಳು.

ನಮ್ಮ ಕಾರು ಹಳೆಯದು, ಆದರೆ ಯಾವುದೋ ಕಾಲಕ್ಕೆ ಶ್ರೀಮಂತರ ಮನೆಯಲ್ಲಿತ್ತು. ಏಸಿಗೆ ಎರಡು ಗುಂಡಿ: ಓಡಿಸುವವರಿಗೊಂದು, ಪಕ್ಕದಲ್ಲಿ ಕೂತವರಿಗೊಂದು. ಅವರವರಿಗೆ ಬೇಕಾದಷ್ಟು ತಂಪು ಅವರವರೇ ಇಟ್ಟುಕೊಳ್ಳಬಹುದು. ಹೀಗೆಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ನಡೆಯುತ್ತಿದ್ದದ್ದು ಬೇರೆ. ಅಪ್ಪನ ಕಡೆ ತಣ್ಣಗಿನ ಗಾಳಿ, ಪಕ್ಕದ ಕಡೆ ಕುದಿಯುವ ಗಾಳಿ, ಜೊತೆಗೆ ಡ್ಯಾಶ್‌ಬೋರ್ಡಿನ ಒಳಗಿಂದ ಟಕ್ ಟಕ್ ಟಕ್ ಸದ್ದು. ಅಮ್ಮ ಮುಂದಿನ ಸೀಟಿಗೆ ಕೂರುವುದನ್ನೇ ಬಿಟ್ಟಿದ್ದಳು.

ಒಳಗೆ ಒಂದು ಪುಟ್ಟ ಬಾಗಿಲು ಇರುತ್ತದೆ ಎಂದು ಅಪ್ಪ ವಿವರಿಸಿದರು. ಮುಚ್ಚಿದ್ದರೆ ತಣ್ಣನೆಯ ಗಾಳಿ ನೇರ ಹೊರಗೆ ಬರುತ್ತದೆ. ತೆರೆದಿದ್ದರೆ ಅದೇ ಗಾಳಿ ಎಂಜಿನ್ನಿನ ಬಿಸಿನೀರು ಹರಿಯುವ ಕೊಳವೆಗಳ ಮೇಲೆ ಹಾದು ಬಿಸಿಯಾಗಿ ಬರುತ್ತದೆ. ಆ ಬಾಗಿಲನ್ನು ಅತ್ತಿತ್ತ ಮಾಡಲು ಒಂದು ಮುಷ್ಟಿ ಗಾತ್ರದ ಮೋಟರು. ಅದರೊಳಗಿನ ಚಕ್ರದ ಹಲ್ಲು ಮುರಿದಿತ್ತು. ಹೊಸ ಮೋಟರು ತರಿಸಿದ್ದೂ ಆಯಿತು. ಗ್ಯಾರೇಜಿನವರಿಗೆ ಕೊಡೋಣ ಎಂದ ಅಮ್ಮನನ್ನು ಅಪ್ಪ ನೋಡಿದ ನೋಟದಲ್ಲಿ ನಿಜವಾದ ನೋವಿತ್ತು.

ಭಾನುವಾರ ಬೆಳಗ್ಗೆ ನಾವಿಬ್ಬರೂ ಕಾರಿನೊಳಗೆ ಅರ್ಧ ಹೋದೆವು. ಕಾಲು ಹೊರಗೆ, ತಲೆ ಒಳಗೆ. ನನ್ನ ಕೆಲಸ ಫೋನು ಹಿಡಿದು ವಿಡಿಯೊ ತೋರಿಸುವುದು. ವಿಡಿಯೊದವನ ಭಾಷೆ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಕೈ ನೋಡಿಕೊಂಡೇ ನಡೆದೆವು. ಮೋಟರು ಕೂರಿಸುವ ಮೊದಲು ಅವನು ಕೆಲಸ ನಿಲ್ಲಿಸಿ, ಬೆರಳೆತ್ತಿ, ಏನನ್ನೋ ತುಂಬಾ ಗಂಭೀರವಾಗಿ ಹೇಳತೊಡಗಿದ.

"ಏನಂತಿದಾನೆ?" ಎಂದೆ.

"ಜಾಹೀರಾತು ಇರ್ಬೇಕು. ಮುಂದಕ್ಕೆ ಓಡ್ಸು."

ಓಡಿಸಿದೆ.

ಅಪ್ಪನ ಕೈ ದಪ್ಪ, ಆ ಜಾಗಕ್ಕೆ ಹೋಗಲಿಲ್ಲ. ಹಾಗಾಗಿ ಮೋಟರು ಕೂರಿಸುವ ಪಟ್ಟ ನನಗೆ ಬಂತು. ಕುತ್ತಿಗೆ ಸೊಟ್ಟ ಮಾಡಿಕೊಂಡು, ಕಣ್ಣಿಗೆ ಕಾಣದ ಕಡೆ ಬೆರಳಲ್ಲೇ ತಡಕಿದೆ. ಮೋಟರಿಗೆ ಒಂದು ಪುಟ್ಟ ತೋಳಿದೆ, ಅದು ಬಾಗಿಲಿನ ಹಿಡಿಯನ್ನು ಹಿಡಿದುಕೊಳ್ಳಬೇಕು. ಮೇಲಿಂದ ತಳ್ಳಿದರೆ ಹೋಗಲೊಲ್ಲದು. ಹಿಡಿಯನ್ನು ಇನ್ನೊಂದು ಕಡೆಗೆ ತಿರುಗಿಸಿ ಕೆಳಗಿಂದ ಒತ್ತಿದೆ, ಕಟ್ ಎಂದು ಕೂತಿತು. ಆದರೆ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿದಾಗ ಒಂಥರಾ ಆಗುತ್ತದಲ್ಲ, ಬೆರಳಿಗೆ ಹಾಗನ್ನಿಸಿತು.

"ಕೂತ್ಕೊಂಡ್ತಾ?" ಅಪ್ಪ ಕೇಳಿದರು.

ಬೆನ್ನು ಮುರಿಯುತ್ತಿತ್ತು. ಮೂಗಿನ ಮೇಲೆ ಬೆವರಿನ ಹನಿ ಇಳಿಯುತ್ತಿತ್ತು, ಒರೆಸಲು ಕೈ ಖಾಲಿಯಿರಲಿಲ್ಲ.

"ಕೂತ್ಕೊಂಡ್ತು."

"ಸರಿಯಾಗಿ?"

"ಅಯ್ಯೋ, ಸರಿಯಾಗೇ ಅಪ್ಪ."

ಎಲ್ಲ ಮುಚ್ಚಿ ಎಂಜಿನ್ ಶುರುಮಾಡಿದರು. ನಾನು ಜ್ವರ ನೋಡುವ ಥರ್ಮಾಮೀಟರು ತಂದು ಅಜ್ಜಿ ಕೂರುವ ಕಡೆಯ ಕಿಂಡಿಗೆ ಹಿಡಿದೆ. ಈ ರೋಗಿಗೆ ಜೀವವೇ ಇಲ್ಲ ಎನ್ನುವಂತೆ ಅದು ಅಂಕಿಯನ್ನೇ ತೋರಿಸದೆ ಕೈಚೆಲ್ಲಿತು. ಅಷ್ಟು ತಂಪು. ಅಮ್ಮ ಬಂದು ಕೈ ಇಟ್ಟು, "ಅರೆ, ಹೌದಲ್ರೀ" ಎಂದಳು. ಅಮ್ಮನ ಬಾಯಿಂದ ಅಪ್ಪನ ರಿಪೇರಿಗೆ ಈ ಮಾತು ಬಂದದ್ದನ್ನು ನಾನು ಇದೇ ಮೊದಲು ಕೇಳಿದ್ದು. ಅಪ್ಪ ತಕ್ಷಣ ಎಂಜಿನ್ ಆರಿಸಿದರು. ನಿಂತ ಗಾಡಿಯ ಎಂಜಿನ್ ಓಡಿಸುವುದೆಂದರೆ ಅವರಿಗೆ ನಲ್ಲಿ ತೆರೆದಿಟ್ಟು ಊರಿಗೆ ಹೋದಂತೆ. ನಾನು ವಿಡಿಯೊ ಮಾಡಿ, 'ಮೋಟರು ಕೂರಿಸಿದ್ದು ನಾನು' ಎಂದು ಬರೆದು ಮನೆಯವರ ಗುಂಪಿಗೆ ಹಾಕಿದೆ. ದೊಡ್ಡಪ್ಪ ಬರೀ ಒಂದು ಹೆಬ್ಬೆರಳು ಕಳಿಸಿದರು. ಆ ಹೆಬ್ಬೆರಳನ್ನು ಅಪ್ಪ ದಿನವಿಡೀ ತೆಗೆದು ತೆಗೆದು ನೋಡಿದರು.

ಎಂಜಿನ್ನೇ ಬಿಸಿಯಾಗದಿದ್ದರೆ ಬಿಸಿನೀರಿನ ಕೊಳವೆಯೂ ತಣ್ಣಗಿರುತ್ತದೆ, ಆಗ ಬಾಗಿಲು ಯಾವ ಕಡೆ ಇದ್ದರೂ ತಣ್ಣನೆಯ ಗಾಳಿಯೇ ಬರುತ್ತದೆ. ಇದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಮ್ಮನೂ ನಾನೂ ಮುಂಚಿನ ದಿನವೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಅಜ್ಜಿಯ ಜೊತೆ ಉಳಿದಿದ್ದೆವು. ಡಿಸ್ಚಾರ್ಜ್ ದಿನ ಅಪ್ಪ ಒಬ್ಬರೇ ಕಾರು ಓಡಿಸಿಕೊಂಡು ಬಂದರು. ಪಕ್ಕದ ಸೀಟಿನಲ್ಲಿ ಅಜ್ಜಿಗೆಂದು ದಿಂಬುಗಳು. "ದಾರೀಲೆಲ್ಲ ನಡುಗಿಕೊಂಡು ಬಂದೆ" ಎಂದು ಎರಡು ಕೈ ಉಜ್ಜಿಕೊಂಡರು. ಓಡಿಸುವವರ ಕಡೆ ಎಂದೂ ಕೆಟ್ಟಿರಲೇ ಇಲ್ಲ, ಆ ಮಾತು ಬೇರೆ.

ವಾರ್ಡಿನ ನರ್ಸ್ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಂದು ಬಿಟ್ಟು, ಬೆರಳು ಅಲ್ಲಾಡಿಸಿ ಹೇಳಿದರು.

"ಹೊಲಿಗೆ ಇನ್ನೂ ಹಸಿ ಇದೆ. ಬೆವರಿ ಪಟ್ಟಿ ಒದ್ದೆ ಆದ್ರೆ ಕೀವು ಕಟ್ಟತ್ತೆ. ದೂರದ ದಾರಿ ಬೇರೆ. ಏಸಿ ಗಾಡಿ ತಾನೆ?"

"ಏಸಿನೇ. ಎರಡು ಕಡೆಗೂ ಬೇರೆಬೇರೆ ಇದೆ" ಎಂದರು ಅಪ್ಪ. ನರ್ಸಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ.

ಅಜ್ಜಿಗೆ ನೆಟ್ಟಗೆ ಕೂರಲಾಗದು. ಮುಂದಿನ ಸೀಟನ್ನು ಹಿಂದಕ್ಕೆ ಮಲಗಿಸಿ ಅವರನ್ನು ಮೆಲ್ಲಗೆ ಒರಗಿಸಿದೆವು. "ದಿಂಬು ಬೆಚ್ಚಗಿದೆಯಲ್ಲ" ಎಂದರು ಅಜ್ಜಿ. "ಬಿಸಿಲಿಗೆ ನಿಂತಿತ್ತಲ್ಲ ಅತ್ತೆ, ಈಗ ನೋಡ್ತಿರಿ" ಎಂದು ಅಪ್ಪ ಎರಡೂ ಗುಂಡಿಗಳನ್ನು ಪೂರ್ತಿ ತಂಪಿಗೆ ತಿರುಗಿಸಿ ಕಿಟಕಿ ಏರಿಸಿದರು. ಅಜ್ಜಿಯ ಹಿಂದೆ ನಾನು, ಅಪ್ಪನ ಹಿಂದೆ ಅಮ್ಮ.

ಊರು ದಾಟುವಷ್ಟರಲ್ಲಿ ನನ್ನ ಪಾದಕ್ಕೆ ಯಾರೋ ಬಾಯಿಂದ ಬಿಸಿಯುಸಿರು ಬಿಡುತ್ತಿರುವಂತೆ ಅನ್ನಿಸಿತು. ಅಜ್ಜಿಯ ಸೀಟಿನ ಅಡಿಯಿಂದ ಬರುತ್ತಿತ್ತು. ಬಿಸಿಲಿನ ಝಳ, ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ, ಏರಿತು. ಪಕ್ಕದಲ್ಲಿ ಅಮ್ಮ ಶಾಲು ಹೊದ್ದುಕೊಂಡಳು.

ಬೆರಳಿಗೆ ಅವತ್ತು ಅನ್ನಿಸಿದ್ದು ಒಮ್ಮೆಲೇ ನೆನಪಾಯಿತು.

"ಅತ್ತೆ, ಹೇಗಿದೆ?" ಅಪ್ಪ ಕೇಳಿದರು. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಹೊಗಳಿಕೆ ಬರುತ್ತದೆ ಎಂದು ಕಾಯುವವರು ಹಾಗೆಯೇ ನೋಡದೆ ಕೇಳುವುದು.

ನಾನು ಬಾಂಬಿಗೆ ಕಾದೆ. ಒಂದು ರೀತಿಯಲ್ಲಿ ಸಮಾಧಾನವೂ ಆಯಿತು. ಅಜ್ಜಿಯೇ ಹೇಳಿಬಿಡುತ್ತಾರೆ, ನಾನು ಬಾಯಿ ಬಿಡಬೇಕಿಲ್ಲ.

"ಚೆನ್ನಾಗಿದೆ" ಎಂದರು ಅಜ್ಜಿ.

ಅವರ ಜಡೆಯ ಬುಡ ಒದ್ದೆಯಾಗಿ ಕುತ್ತಿಗೆಗೆ ಅಂಟಿದ್ದು ನನಗೆ ಕಾಣುತ್ತಿತ್ತು. ಟವಲಿನ ಚುಂಗಿನಿಂದ ಗಂಟಲು ಒರೆಸಿಕೊಂಡು, ಅಪ್ಪನಿಗೆ ಕಾಣದ ಹಾಗೆ ಅದನ್ನು ತೊಡೆಯ ಕೆಳಗೆ ಸೇರಿಸಿದರು. ಅಪ್ಪ ಹಾಡೊಂದನ್ನು ಮೂಗಲ್ಲಿ ಗುನುಗತೊಡಗಿದರು.

ಹೇಳಬೇಕಿತ್ತು. ಒಂದೇ ವಾಕ್ಯ: ಅಪ್ಪ, ಅಜ್ಜಿ ಕಡೆ ಬಿಸಿ ಬರ್ತಿದೆ. ನಾನು ಕಾಲೇಜಿನಲ್ಲಿ ಬಾಯಿ ಮುಚ್ಚದವಳು. ಲೆಕ್ಚರರು ನನ್ನನ್ನು ಕರೆಯುವುದೇ 'ರೇಡಿಯೊ' ಎಂದು, ಮನೆಯವರೂ ಅದನ್ನೇ ಹಿಡಿದಿದ್ದಾರೆ. ಅವತ್ತು ಮಾತ್ರ ಆ ಒಂದು ವಾಕ್ಯ ಹೊರಗೆ ಬರಲಿಲ್ಲ. ಹೇಳಿದರೆ ಅಪ್ಪನ ಗುನುಗು ನಿಲ್ಲುತ್ತದೆ. ಹೇಳಿದರೆ, ಸರಿಯಾಗಿ ಕೂತಿದೆ ಎಂದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಇಷ್ಟು ದೂರ ಬಂದಾಯಿತು, ಇನ್ನು ಸ್ವಲ್ಪ, ಎಂದು ಮನಸ್ಸು ಒಂದೊಂದು ಮೈಲಿಗಲ್ಲಿಗೂ ಸುಳ್ಳು ಹೇಳಿಕೊಂಡಿತು. ನನ್ನ ಕಾಲು ಸುಡುತ್ತಿತ್ತು. ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿ ಚಕ್ಕಳಮಕ್ಕಳ ಹಾಕಿ ಕೂತೆ. ಅಜ್ಜಿಗೆ ಕಾಲು ಎತ್ತಲೂ ಆಗದು.

ಅಷ್ಟರಲ್ಲಿ ದೊಡ್ಡಪ್ಪನ ವಿಡಿಯೊ ಕರೆ. ಅಮ್ಮ ಫೋನನ್ನು ಸೀಟುಗಳ ನಡುವಿನಿಂದ ಮುಂದಕ್ಕೆ ಹಿಡಿದಳು.

"ಏನತ್ತೆ, ಬೆಂದು ಹೋದ್ರಾ?" ದೊಡ್ಡಪ್ಪನ ದೊಡ್ಡ ನಗು.

"ಬೇಯೋದೇನು ಬಂತು, ಹಲ್ಲು ಕಟಕಟ ಅಂತಿದೆ. ಶಾಲು ಕೇಳೋಣ ಅಂತಿದ್ದೆ."

"ಮತ್ತೆ ಮುಖ ಯಾಕೆ ಹಂಗೆ ಹೊಳೀತಿದೆ?"

"ಮಗಳ ಮನೆಗೆ ಹೋಗ್ತಿದೀನಲ್ಲ, ಖುಷಿಗೆ."

"ಹಿಂದೆ ರೇಡಿಯೊ ಯಾಕೆ ಸದ್ದಿಲ್ಲ? ಮೋಟರು ಕೂರ್ಸಿದ ಮೆಕ್ಯಾನಿಕ್ ಅಮ್ಮಣ್ಣಿ, ನೀನು ಹೇಳು, ನಿಜವಾಗ್ಲೂ ತಣ್ಣಗಿದೆಯಾ?"

ಫೋನು ನನ್ನ ಕಡೆ ತಿರುಗಿತು. ಕನ್ನಡಿಯಲ್ಲಿ ಅಪ್ಪನ ಕಣ್ಣು ನನ್ನನ್ನೇ ನೋಡುತ್ತಿತ್ತು, ನಗುತ್ತಾ.

"ಹೂಂ ದೊಡ್ಡಪ್ಪ, ತುಂಬಾ" ಎಂದೆ.

ಅಜ್ಜಿಯ ಸುಳ್ಳಿನಲ್ಲಿ ಏನೋ ಒಂದು ದೊಡ್ಡತನವಿತ್ತು. ನನ್ನದರಲ್ಲಿ ಅದೂ ಇರಲಿಲ್ಲ.

ಕರೆ ಮುಗಿಯಿತು. "ಅತ್ತೆ, ಅಷ್ಟು ಚಳಿ ಆಗ್ತಿದ್ರೆ ಹೇಳಬಾರದಾ" ಎಂದು ಅಪ್ಪ ಅಕ್ಕರೆಯಿಂದ ಕೈ ಚಾಚಿ ಅಜ್ಜಿಯ ಎದುರಿನ ಕಿಂಡಿಯನ್ನು ಮುಚ್ಚಲು ಹೋದರು. ಕೈ ಅಲ್ಲೇ ನಿಂತಿತು. ಅಂಗೈ ತಿರುಗಿಸಿ ಇನ್ನೊಮ್ಮೆ ಹಿಡಿದರು. ಆಮೇಲೆ ಅಜ್ಜಿಯ ತೋಳು ಮುಟ್ಟಿದರು. ಗುನುಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವರ ಕಿವಿಗಳು. ಅಂಥ ಕೆಂಪನ್ನು ನಾನು ನೋಡಿರಲಿಲ್ಲ.

ಬಾಗಿಲು ಹಾಕಿದ ಅಂಗಡಿಯೊಂದರ ಮುಂದೆ, ಮರದ ನೆರಳಿಗೆ ಗಾಡಿ ನಿಲ್ಲಿಸಿದರು. ಎಂಜಿನ್ ಆರಿಸುವುದನ್ನೂ ಮರೆತಿದ್ದರು.

"ಯಾಕೆ ಹೇಳ್ಲಿಲ್ಲ ಅತ್ತೆ?"

ಅಜ್ಜಿ ಟವಲು ಹೊರಗೆ ತೆಗೆದು ರಾಜಾರೋಷವಾಗಿ ಮುಖ ಒರೆಸಿಕೊಂಡರು.

"ನನ್ನ ಬಾಯಿಂದ ನೀವು ಎಷ್ಟು ವರ್ಷದಿಂದ ಕೇಳಿದೀರಿ. ಆಸ್ಪತ್ರೇಲಿ ಮಲಗಿದಾಗ ಯೋಚನೆ ಬಂತು, ಒಂದು ದಿನ ಆದ್ರೂ ಸುಮ್ನಿರೋಣ ಅಂತ. ಇವತ್ತು ಶುರು ಮಾಡಿದೆ." ಉಸಿರು ಎಳೆದುಕೊಂಡರು. "ಇವತ್ತೇ ನನ್ನ ಹುರೀಬೇಕಾ ನೀವು?"

ಯಾರೂ ನಗಲಿಲ್ಲ. ಅಮ್ಮ ಇಳಿದು ಆ ಕಡೆಯ ಬಾಗಿಲು ತೆರೆದು ಅಜ್ಜಿಯ ಅಂಗಿಯ ಅಂಚು ಎತ್ತಿ ನೋಡಿದಳು. ಪಟ್ಟಿ ಒದ್ದೆಯಾಗಿ ಮೂಲೆಯಲ್ಲಿ ಮೇಲೆದ್ದಿತ್ತು.

ಅಪ್ಪ ತಿರುಗಿ ನನ್ನನ್ನು ನೋಡಿದರು. ಸೀಟಿನ ಮೇಲೆ ಮಡಚಿಕೊಂಡಿದ್ದ ನನ್ನ ಕಾಲುಗಳನ್ನು ನೋಡಿದರು.

"ನಿಂಗೆ ಗೊತ್ತಾಗಿತ್ತು."

"ಹೂಂ."

"ಯಾವಾಗ?"

"ಊರು ದಾಟಿದಾಗ." ಕಾಲು ಇಳಿಸಿದೆ, ಅದಕ್ಕೇನು ಅರ್ಥವಿರಲಿಲ್ಲ. "ಅಪ್ಪ, ಮೋಟರು ಕೂರಿಸುವಾಗಲೇ ನಂಗೆ ಅನುಮಾನ ಇತ್ತು. ಉಲ್ಟಾ ಕೂತಿದೆ ಅನ್ನಿಸ್ತು. ಬೆನ್ನು ನೋಯ್ತಿತ್ತು ಅಂತ ಸರಿ ಇದೆ ಅಂದೆ."

ಬೈದಿದ್ದರೆ ಚೆನ್ನಾಗಿತ್ತು. ಅಪ್ಪ "ಉಲ್ಟಾನಾ" ಎಂದು ಮೆಲ್ಲಗೆ ಕೇಳಿದರು, ಅಷ್ಟೇ.

ಆ ಮಾತು ಅವರ ಬಾಯಿಂದ ಕೇಳಿದ ಮೇಲೆ ನನಗೆ ಹೊಳೆಯಿತು. ಸೀಟುಗಳ ನಡುವೆ ತೂರಿ ಅಜ್ಜಿಯ ಕಡೆಯ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿದೆ.

"ಏ, ತಲೆ ಕೆಟ್ಟಿದೆಯಾ ನಿಂಗೆ? ಇನ್ನೂ ಬೇಯಿಸ್ತೀಯಾ ಅವ್ರನ್ನ?" ಅಮ್ಮ ನನ್ನ ಕೈ ಹಿಡಿದಳು.

ಒಳಗೆ ಏನೋ ಗುರ್ ಎಂದು ತಿರುಗಿತು. ಗಾಳಿ ಬೆಚ್ಚಗಾಯಿತು, ಆಮೇಲೆ ಸಾಧಾರಣವಾಯಿತು, ಆಮೇಲೆ ತಣ್ಣಗೆ, ಕೂದಲು ಹಾರುವಷ್ಟು ತಣ್ಣಗೆ ಬಂತು. ಬಿಸಿ ಕೇಳಿದರೆ ತಂಪು, ತಂಪು ಕೇಳಿದರೆ ಬಿಸಿ. ಮಾಡಬೇಕಿದ್ದದ್ದು ಅಷ್ಟೇ, ಒಂದು ಗುಂಡಿ ತಿರುಗಿಸುವುದು. ಪಾದಕ್ಕೆ ಮೊದಲ ಬಿಸಿ ತಾಗಿದಾಗಲೇ ನಾನು ಬಾಯಿ ಬಿಟ್ಟಿದ್ದರೆ, ನಗುತ್ತಾ ತಿರುಗಿಸಿ ಮುಂದೆ ಹೋಗಿರುತ್ತಿದ್ದೆವು. ಹೊಳೆದದ್ದಕ್ಕೆ ಯಾರೂ ಶಹಬ್ಬಾಸ್ ಎನ್ನಲಿಲ್ಲ. ಅಂದಿದ್ದರೆ ನಾನು ಇಳಿದು ನಡೆದುಕೊಂಡೇ ಮನೆಗೆ ಹೋಗುತ್ತಿದ್ದೆ.

ಮುಂದಿನ ಊರಿನಲ್ಲಿ ಒಂದು ಸಣ್ಣ ಕ್ಲಿನಿಕ್ ಸಿಕ್ಕಿತು. ಅಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು. ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿ ಪಟ್ಟಿ ಬಿಚ್ಚಿ, ಹೊಲಿಗೆಯ ಒಂದು ತುದಿ ಕೆಂಪಾಗಿದ್ದನ್ನು ದೀಪ ಹಿಡಿದು ನೋಡಿದರು.

"ಇಷ್ಟು ಬೆವರಿದ್ದು ಹೇಗೆ? ಏಸಿ ಇಲ್ವಾ ಗಾಡೀಲಿ?"

"ಅದು ಡಾಕ್ಟ್ರೇ, ನಾನೇ ಕಿಟಕಿ ತೆಗೆಸಿ..." ಅಜ್ಜಿ ಶುರುಮಾಡಿದರು.

"ಏಸಿ ಇದೆ. ನಾನು ಮನೇಲಿ ರಿಪೇರಿ ಮಾಡಿದ್ದು, ಉಲ್ಟಾ ಆಗಿದೆ" ಎಂದರು ಅಪ್ಪ.

"ಅಪ್ಪ ಅಲ್ಲ, ಕೂರ್ಸಿದ್ದು ನಾನು. ಗೊತ್ತಾದ್ರೂ ಹೇಳ್ಲಿಲ್ಲ" ಎಂದೆ.

ಡಾಕ್ಟರು ನಮ್ಮಿಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು. "ಇಬ್ರೂ ಆಚೆ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ಆಗ್ತಿದೀರಿ."

ಹೊರಗೆ ಬೆಂಚಿನ ಮೇಲೆ ಕೂತೆವು. ತಪ್ಪೊಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೇನೂ ಆಗಲಿಲ್ಲ. ಒಳಗಿಂದ ಅಜ್ಜಿ "ಸ್" ಎಂದಾಗಲೆಲ್ಲ ನಾವಿಬ್ಬರೂ ಒಟ್ಟಿಗೇ ನೆಲ ನೋಡುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಎದ್ದು, ಬಾಗಿಲಿನಾಚೆ ನಿಂತು ದೊಡ್ಡಪ್ಪನಿಗೆ ತಾವಾಗಿಯೇ ಫೋನು ಮಾಡಿದರು. ನಾನು ಕೇಳಬಾರದೆಂದು ದನಿ ತಗ್ಗಿಸಿದ್ದರು, ಆದರೂ ಕೇಳಿತು.

"ಇಲ್ಲ, ಅತ್ತೆ ನಿಮ್ಮ ಹತ್ರ ಹೇಳಿದ್ದು ಸುಳ್ಳು. ನನಗೋಸ್ಕರ ಹಾಗೆ ಹೇಳಿದ್ರು... ಹೂಂ. ಒಲೇನೇ, ನೀವಂದಿದ್ದು ಸರಿ."

ನನ್ನ ಸುಳ್ಳಿನ ವಿಷಯ ಎತ್ತಲಿಲ್ಲ. ಎತ್ತದೇ ಬಿಟ್ಟದ್ದಕ್ಕೆ ನನಗೆ ಅವರ ಮುಖ ನೋಡಲು ಇನ್ನಷ್ಟು ಕಷ್ಟವಾಯಿತು.

ಡಾಕ್ಟರು ಹೊಸ ಪಟ್ಟಿ ಹಾಕಿ, ಮಾತ್ರೆ ಬರೆದುಕೊಟ್ಟು, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು ಎಂದು ಹೇಳಿ ಕಳಿಸಿದರು. ಅಜ್ಜಿಯನ್ನು ಮತ್ತೆ ಅದೇ ಸೀಟಿನಲ್ಲಿ ಮಲಗಿಸಿದೆವು. ಬೇರೆ ಯಾವ ಸೀಟೂ ಹಿಂದಕ್ಕೆ ಬಾಗದು. ಅಪ್ಪ ತುಂಬಾ ಮೆಲ್ಲಗೆ ಓಡಿಸಿದರು, ಪ್ರತಿ ಹಳ್ಳಕ್ಕೂ ಮೊದಲೇ ಕ್ಷಮೆ ಕೇಳುವವರ ಹಾಗೆ. ಡ್ಯಾಶ್‌ಬೋರ್ಡಿನ ಪುಟ್ಟ ಪರದೆಯಲ್ಲಿ ಅಜ್ಜಿಯ ಕಡೆಗೆ ಇಟ್ಟ ಅಂಕಿ ಕಡುಬೇಸಿಗೆಯದು, ಬರುತ್ತಿದ್ದದ್ದು ತಂಪು. ಅಮ್ಮ ನನಗೆ ಬೆನ್ನು ಮಾಡಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ನಾನು ಎಷ್ಟೋ ಹೊತ್ತು ಧೈರ್ಯ ಮಾಡಿಕೊಂಡು, ಕೊನೆಗೂ ಮುಂದೆ ಬಾಗಿದೆ.

"ಅಜ್ಜಿ, ಈಗ ತಣ್ಣಗಿದೆಯಾ?"

ಅಜ್ಜಿ ಕಣ್ಣು ತೆರೆಯಲಿಲ್ಲ.

"ಇದೆ ಅಂದ್ರೆ ನೀನು ನಂಬ್ತೀಯಾ? ನೀನು ಇದೆ ಅಂದ್ರೆ ನಾನು ನಂಬಲಾ? ಕೈ ಇಟ್ಟು ನೋಡು."

ಸೀಟಿನ ಪಕ್ಕದಿಂದ ಕೈ ಚಾಚಿ ಕಿಂಡಿಗೆ ಹಿಡಿದೆ. ಗಾಳಿ ತಣ್ಣಗಿತ್ತು. ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಬೆರಳು ಮರಗಟ್ಟುತ್ತಾ ಬಂತು, ಹಾಗೇ ಇಟ್ಟುಕೊಂಡೆ.